ಒಂಬತ್ತನೇ ಬೂತಿನ ಪಾಠ

ಜೂನ್ ಹದಿನಾಲ್ಕು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಭಾಷಾ ತರಬೇತಿ ಕಾಲೇಜಿನ ಪ್ರಿನ್ಸಿಪಾಲರು ಠಾಣೆಗೆ ಬಂದು, ಟೈಪ್ ಮಾಡಿದ ಎರಡು ಪುಟದ ದೂರನ್ನು ಮೇಜಿನ ಮೇಲಿಟ್ಟರು. ಇನ್ಸ್‌ಪೆಕ್ಟರ್ ಅದನ್ನು ಒಮ್ಮೆ ಓದಿದರು, ನಂಬಿಕೆ ಬಾರದೆ ಮತ್ತೊಮ್ಮೆ ಓದಿದರು. ಬೈಕು, ಸರ, ಮೊಬೈಲು, ನೀರಿನ ಮೋಟಾರು, ಒಮ್ಮೆ ಚೌಕಟ್ಟಿನ ಸಮೇತ ಒಂದು ಬಾಗಿಲು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಳವಾದದ್ದನ್ನೆಲ್ಲ ಅವರು ಬರೆದುಕೊಂಡವರೇ. ಇಂಗ್ಲಿಷ್ ಪಾಠ ಕಳವಾದದ್ದು ಮಾತ್ರ ಇದೇ ಮೊದಲು.

'ಭಾಷಾ ಪ್ರಯೋಗಾಲಯದ ಇಪ್ಪತ್ತು ಟೇಪ್ ಸ್ಪೂಲುಗಳ ಪೈಕಿ ಒಂಬತ್ತನೆಯದು ಕಾಣೆಯಾಗಿದೆ. ವಿಷಯ: ಸಾಮಾನ್ಯವಾಗಿ ಗೊಂದಲಕ್ಕೀಡಾಗುವ ಕ್ರಿಯಾವಿಶೇಷಣಗಳು.'

"ಹಾರ್ಡ್, ಹಾರ್ಡ್ಲಿ. ಲೇಟ್, ಲೇಟ್ಲಿ. ನಿಯರ್, ನಿಯರ್ಲಿ," ಎಂದರು ಇನ್ಸ್‌ಪೆಕ್ಟರ್, ಮಗ್ಗಿ ಒಪ್ಪಿಸುವವರ ಹಾಗೆ.

ಪ್ರಿನ್ಸಿಪಾಲರು ಹುಬ್ಬೇರಿಸಿದರು. "ನಿಮಗೆ ಹೇಗೆ ಗೊತ್ತು?"

"ನಾನೂ ಅಲ್ಲೇ ಕಲ್ತಿದ್ದು ಸಾರ್. ನೀವು ಈ ಕಾಲೇಜಿಗೆ ಬರೋಕೆ ತುಂಬಾ ಮುಂಚೆ."

ಕಲಿಯಬೇಕಾಗಿ ಬಂದ ಕತೆಯನ್ನು ಅವರು ಹೇಳಲಿಲ್ಲ. ಟ್ರೈನಿಯಾಗಿದ್ದಾಗ ಹಿರಿಯ ಅಧಿಕಾರಿಯೊಬ್ಬರು ವಾರದ ಕೆಲಸ ಹೇಗಾಯಿತೆಂದು ಕೇಳಿದ್ದರು. ಬೆವರು ಸುರಿಸಿ ದುಡಿದಿದ್ದೇನೆ ಎಂದು ಹೇಳಲು ಹೋಗಿ ಇವರು ಎದೆಯುಬ್ಬಿಸಿ "ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್, ಸರ್" ಎಂದಿದ್ದರು. ಕೆಲಸವನ್ನೇ ಮಾಡಿಲ್ಲ ಎಂದು ಅದರ ಅರ್ಥ. "ನಿಜ ಒಪ್ಕೊಂಡ್ಯಲ್ಲ, ಸಂತೋಷ" ಎಂದ ಅಧಿಕಾರಿ ಮಾರನೆಯ ದಿನವೇ ಇಪ್ಪತ್ತು ದಿನದ ಇಂಗ್ಲಿಷ್ ಕೋರ್ಸಿಗೆ ಅಟ್ಟಿದ್ದರು.

ಇಪ್ಪತ್ತು ದಿನ, ಇಪ್ಪತ್ತು ಪಾಠ, ಇಪ್ಪತ್ತು ಬೂತು. ಸ್ಪೂಲುಗಳನ್ನು ಕೈಯಿಂದ ಕೈಗೆ ದಾಟಿಸಿದರೆ ಹಾಳಾಗುತ್ತವೆಂದು ಆ ಲ್ಯಾಬಿನಲ್ಲಿ ಒಂದೊಂದು ಬೂತಿಗೆ ಒಂದೊಂದು ಪಾಠ ಕಟ್ಟಿಟ್ಟಿದ್ದರು. ಜಾಗ ಬದಲಿಸಬೇಕಾದವರು ಕಲಿಯುವವರು. ಕಿವಿಗೆ ಹೆಡ್‌ಫೋನ್, ಬಾಯಿಯ ಮುಂದೆ ಬೆರಳುದ್ದದ ಮೈಕು. ಟೇಪಿನ ಮೇಲಿನ ಟ್ರ್ಯಾಕಿನಲ್ಲಿ ಟೀಚರಮ್ಮನ ದನಿ ಒಂದು ವಾಕ್ಯ ಹೇಳಿ ಸುಮ್ಮನಾಗುತ್ತಿತ್ತು. ಆ ಖಾಲಿಯಲ್ಲಿ ಕಲಿಯುವವರು ಹೇಳಿದ್ದು ಕೆಳಗಿನ ಟ್ರ್ಯಾಕಿನಲ್ಲಿ ಅಚ್ಚಾಗುತ್ತಿತ್ತು. ಮರುದಿನ ಬಂದವರು ಮಾತಾಡಿದರೆ ಹಿಂದಿನವರ ದನಿ ಅಳಿಸಿ ಹೋಗುತ್ತಿತ್ತು. ಅಳಿಸುವ ಮೊದಲು ಹಿಂದಿನವರು ಏನೇನು ತೊದಲಿದ್ದಾರೆಂದು ಕದ್ದು ಕೇಳಿಸಿಕೊಂಡು ನಗುವುದೇ ಒಂದು ಸುಖ. ಆ ವಯಸ್ಸು ಈಗ ನೆನೆದರೂ ಇನ್ಸ್‌ಪೆಕ್ಟರಿಗೆ ಹೊಟ್ಟೆಯಲ್ಲಿ ಕಚಗುಳಿಯಾಗುತ್ತಿತ್ತು.

"ಒಂದು ಸ್ಪೂಲಿಗೆ ಇಷ್ಟು ಅವಸರ ಯಾಕೆ ಸಾರ್?"

"ಶುಕ್ರವಾರ ಹಳೆಯ ಧ್ವನಿಮುದ್ರಣ ಕೂಡಿಡೋ ಧ್ವನಿ ಭಂಡಾರದವರು ಬರ್ತಾರೆ. ಇಪ್ಪತ್ತೂ ಇದ್ರೆ ತಗೊಳ್ತಾರೆ, ಇಲ್ಲಾಂದ್ರೆ ಇಲ್ಲ. ಒಂದೂ ಕಡಿಮೆ ಆಗಬಾರದು."

"ಯಾರ ಮೇಲಾದ್ರೂ ಅನುಮಾನ?"

"ಭಾನುವಾರ ಲ್ಯಾಬಿನ ಬೀಗದ ಕೈ ವಾಚ್‌ಮನ್ ಹತ್ರ ಇತ್ತು. ನೀವೇ ಅರ್ಥ ಮಾಡ್ಕೊಳ್ಳಿ."

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ ಎಂಬತ್ತೇಳು. ಬರೆದದ್ದು ಹೆಡ್ ಕಾನ್‌ಸ್ಟೇಬಲ್. ಠಾಣೆಯ ಬರವಣಿಗೆಯೆಲ್ಲ ಅವಳ ಕೈಯಲ್ಲೇ ಇದ್ದುದರಿಂದ ಎಲ್ಲರ ಬಾಯಲ್ಲೂ ಅವಳು 'ರೈಟರಮ್ಮ'. ಅವಳ ಅಕ್ಷರ ಮುತ್ತಿನಂಥದು, ನಾಲಗೆ ಮಾತ್ರ ಮೆಣಸಿನಕಾಯಿ.

"ಮೊಬೈಲ್ ಕಳ್ಕೊಂಡವರು ಮೂರು ದಿನದಿಂದ ಬಾಗಿಲಲ್ಲಿ ನಿಂತಿದಾರೆ. ನಾವು ವ್ಯಾಕರಣ ಹುಡುಕ್ಕೊಂಡು ಹೋಗ್ತಿದೀವಿ," ಎಂದು ಗೊಣಗುತ್ತಲೇ ಅವಳು ಜೀಪು ಹತ್ತಿದಳು.

ಹನ್ನೊಂದು ನಲವತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ಕಾಲೇಜಿನ ಲೈಬ್ರರಿಯನ್, ಗೇಟಿನ ಬಳಿಯ ಝೆರಾಕ್ಸ್ ಅಂಗಡಿಯಾತ. ಲ್ಯಾಬಿನ ಬಾಗಿಲು ತೆರೆದಾಗ ಹಳೆಯ ಸ್ಪಂಜು, ಕಾದ ವಾಲ್ವು, ಮರದ ಪಾಲಿಶು ಎಲ್ಲ ಕಲೆತ ವಾಸನೆ ಮೂಗಿಗೆ ಬಡಿಯಿತು. ಇನ್ಸ್‌ಪೆಕ್ಟರ್ ಹೊಸ್ತಿಲಲ್ಲೇ ಒಂದು ಗಳಿಗೆ ನಿಂತರು. ಎರಡು ಸಾಲು ಬೂತುಗಳು ಇದ್ದಲ್ಲೇ ಇದ್ದವು. ಏಳನೆಯದರ ಮರದ ಮೇಲೆ ಸೇಫ್ಟಿ ಪಿನ್ನಿನಲ್ಲಿ ತಾವು ಕೊರೆದ ಇನಿಷಿಯಲ್ಲೂ ಇತ್ತು. ಕಾಲೇಜಿನ ಆಸ್ತಿ ಹಾಳು ಮಾಡಿದ ಆ ಅಪರಾಧವನ್ನು ಪಂಚನಾಮೆಯಲ್ಲಿ ಸೇರಿಸುವುದು ಬೇಡವೆಂದು ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡರು.

ಲ್ಯಾಬು ಮುಚ್ಚಿದ ಮೇಲೆ ಸ್ಪೂಲುಗಳನ್ನೆಲ್ಲ ಸ್ಟೀಲ್ ಬೀರುವಿಗೆ ಸೇರಿಸಿದ್ದರು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.

"ಬೀಗ ಒಡೆದಿಲ್ಲ. ಹಿಂಜಿನ ಸ್ಕ್ರೂ ಬಿಚ್ಚಿ, ಬಾಗಿಲು ಇಳಿಸಿ, ಮತ್ತೆ ಕೂಡಿಸಿದಾರೆ ಸಾರ್," ಎಂದಳು ರೈಟರಮ್ಮ ಬ್ಯಾಟರಿ ಬಿಟ್ಟು ನೋಡಿ.

ಲೈಬ್ರರಿಯನ್ ಬಾಗಿಲನ್ನು ಹಿಂದೆ ಮುಂದೆ ಆಡಿಸಿದರು. "ಇದು ಯಾವಾಗ್ಲೂ ಕಿರ್ ಅಂತಿತ್ತು, ನೆಲಕ್ಕೆ ಉಜ್ತಿತ್ತು. ಈಗ ಬೆಣ್ಣೆ ಥರ ಹೋಗ್ತಿದೆ!"

"ಕಳ್ಳ ರಿಪೇರಿನೂ ಮಾಡಿ ಹೋಗಿದಾನೆ. ನಮ್ಮನೆಗೂ ಒಂದ್ಸಲ ಬರಬಾರ್ದಾ," ಎಂದಳು ರೈಟರಮ್ಮ.

ಒಂಬತ್ತನೇ ಬೂತಿನ ಟೇಪ್ ಯಂತ್ರವನ್ನೂ ಬಿಚ್ಚಿದ್ದರು. ಒಳಗಿನ ಒಂದೇ ಒಂದು ಭಾಗ ಇರಲಿಲ್ಲ. ಅದು ಟೇಪಿನಿಂದ ದನಿ ಎತ್ತುವ ಹೆಡ್ಡು, ಹುಣಸೆಬೀಜದಷ್ಟು ವಸ್ತು. ಯಂತ್ರದ ಧೂಳು ಒರೆಸಿತ್ತು. ಪಕ್ಕದಲ್ಲಿ ಹಾಸಿದ ಪೇಪರಿನ ಮೇಲೆ ನಾಲ್ಕು ಸ್ಕ್ರೂಗಳು ಎಡದಿಂದ ಬಲಕ್ಕೆ ಸಾಲಾಗಿ ಕೂತಿದ್ದವು. ಇನ್ಸ್‌ಪೆಕ್ಟರ್ ಬಗ್ಗಿ ಅವನ್ನು ತುಂಬ ಹೊತ್ತು ನೋಡಿದರು. ಅವಸರದ ಕೈ ಸ್ಕ್ರೂ ಚೆಲ್ಲುತ್ತದೆ. ಹಿಂದಿರುಗಿ ಬಂದು ಜೋಡಿಸಬೇಕೆಂದಿರುವ ಕೈ ಮಾತ್ರ ಬಿಚ್ಚಿದ ಕ್ರಮದಲ್ಲಿ ಇಡುತ್ತದೆ.

ವಾಚ್‌ಮನ್ ಗೋಡೆಗೆ ಒರಗಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನಿನ್ನೆ ಲ್ಯಾಬ್ ಯಾವಾಗ ತೆಗೆದೆ?"

"ಮಧ್ಯಾಹ್ನ ಎರಡೂವರೆಗೆ ಸಾರ್. ಗುಡ್ಸೋಕೆ."

"ಮುಚ್ಚಿದ್ದು?"

"ನಾಲ್ಕಕ್ಕೆ. ಮಧ್ಯೆ ಪಂಪ್ ಹಾಕೋಕೆ ಹಿಂದ್ಗಡೆ ಹೋಗಿದ್ದೆ."

"ಒಳಗೆ ಯಾರು ಬಂದ್ರು?"

"ಯಾರೂ ಬರಲಿಲ್ಲ ಸಾರ್. ಮಕ್ಕಳಾಣೆ."

ಆಣೆ ಸುಳ್ಳಿನದೆಂದು ಇನ್ಸ್‌ಪೆಕ್ಟರಿಗೆ ಅನಿಸಲಿಲ್ಲ. ಪ್ರಿನ್ಸಿಪಾಲರು ಬಂಧಿಸಿ ಎಂಬಂತೆ ಕಣ್ಸನ್ನೆ ಮಾಡಿದರೂ ಅವರು ನೋಡದವರ ಹಾಗೆ ಹೊರಟರು.

ಜೀಪಿನಲ್ಲಿ ರೈಟರಮ್ಮ ಪಂಚನಾಮೆಯ ಹಾಳೆ ತಿರುವುತ್ತಿದ್ದಳು. "ಸಾರ್, ಈ ಲ್ಯಾಬಲ್ಲಿ ನಾನೂ ಕೋರ್ಸ್ ಮಾಡಿದೀನಿ. ಹದಿನೈದು ವರ್ಷ ಆಯ್ತು. ಆದ್ರೆ ಈ ಹಾರ್ಡ್ಲಿ ಗೀರ್ಡ್ಲಿ ನಮಗೆ ಇರಲೇ ಇಲ್ಲ."

"ಒಂಬತ್ತನೇ ಪಾಠ ಇರಲಿಲ್ವಾ?"

"ಎಂಟರಿಂದ ಹತ್ತಕ್ಕೆ ಹಾರ್ತಿದ್ವಿ. ಒಂಬತ್ತನೇ ಬೂತಿಗೆ 'ರಿಪೇರಿಯಲ್ಲಿದೆ' ಅಂತ ಬೋರ್ಡ್ ನೇತು ಹಾಕಿದ್ರು. ನಮ್ಮ ಹಿಂದಿನ ಬ್ಯಾಚಿಗೂ ಇತ್ತಂತೆ, ಮುಂದಿನ ಬ್ಯಾಚಿಗೂ ಇತ್ತಂತೆ."

ಇನ್ಸ್‌ಪೆಕ್ಟರ್ ಜೀಪನ್ನು ಬದಿಗೆ ನಿಲ್ಲಿಸಲು ಹೇಳಿದರು. ತಮ್ಮ ಎಸ್‌ಐ ಕಳೆದ ವಾರ ಇಂಗ್ಲಿಷಿನಲ್ಲಿ ಬರೆದ ವರದಿ ನೆನಪಾಯಿತು: 'ಪೊಲೀಸರು ಆರೋಪಿಯನ್ನು ಹಿಡಿಯಲು ಪ್ರಯತ್ನವನ್ನೇ ಮಾಡಲಿಲ್ಲ' ಎಂಬ ಅರ್ಥ ಕೊಡುವ 'ಹಾರ್ಡ್ಲಿ'ಯ ವಾಕ್ಯ. ತಾಲ್ಲೂಕು ಕಚೇರಿಯಿಂದ ಬರುವ ಪತ್ರಗಳಲ್ಲೂ ಅದೇ ತಪ್ಪು, ಆಸ್ಪತ್ರೆಯವರದರಲ್ಲೂ ಅದೇ. ಊರಿನ ಅರ್ಧ ಕಚೇರಿಗಳ ಜನ ಕಲಿತದ್ದು ಅಲ್ಲೇ. ಒಂದು ಬೂತು ಮುಚ್ಚಿದ್ದಕ್ಕೆ ಇಡೀ ಊರಿನ ಇಂಗ್ಲಿಷು ಒಂದೇ ಜಾಗದಲ್ಲಿ ಕುಂಟುತ್ತಿತ್ತು.

"ಗಾಡಿ ತಿರುಗಿಸು," ಎಂದರು ಅವರು.

ಲ್ಯಾಬಿನ ರಿಜಿಸ್ಟರುಗಳು ಲೈಬ್ರರಿಯ ಮೇಲಟ್ಟದಲ್ಲಿ ಸಿಕ್ಕವು. ಮಧ್ಯಾಹ್ನ ಒಂದೂವರೆಯಿಂದ ಮೂರೂಮುಕ್ಕಾಲಿನವರೆಗೆ ಇಬ್ಬರೂ ಕೂತು ಹಾಳೆ ತಿರುವಿದರು. ಯಂತ್ರಗಳ ರಿಜಿಸ್ಟರಿನಲ್ಲಿ ಒಂಬತ್ತನೇ ಬೂತಿನ ಎದುರು ವರ್ಷಕ್ಕೊಂದರಂತೆ ಇಪ್ಪತ್ತೆರಡು ಸಲ 'ರಿಪೇರಿಯಲ್ಲಿದೆ' ಎಂದು ಬರೆದಿತ್ತು. ಇಪ್ಪತ್ತೆರಡೂ ಒಂದೇ ಕೈಬರಹ. ಆದರೆ ಆ ಬೂತಿಗೆಂದು ಒಂದು ಬೆಲ್ಟನ್ನಾಗಲಿ ಬಲ್ಬನ್ನಾಗಲಿ ತರಿಸಿದ ದಾಖಲೆ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಬೂತಿನಲ್ಲಿ ಕೊನೆಗೆ ಕೂತವರ ಸಾಲು ಹೀಗಿತ್ತು: 'ಟೆಲಿಫೋನ್ ಎಕ್ಸ್‌ಚೇಂಜ್ ಆಪರೇಟರ್, ತರಬೇತಿ ಅಭ್ಯರ್ಥಿ. ಶುಲ್ಕ ವಿನಾಯಿತಿ: ಲ್ಯಾಬ್ ಮೆಕ್ಯಾನಿಕ್‌ರ ಪತ್ನಿ.'

ರೈಟರಮ್ಮ ಆ ಸಾಲಿನ ಕೆಳಗೆ ಬೆರಳಿಟ್ಟಳು.

"ಟೇಪಣ್ಣ," ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ.

ಎಲ್ಲ ಬ್ಯಾಚಿಗೂ ಅವರು ಟೇಪಣ್ಣನೇ. ನೀಲಿ ಕೋಟು, ಜೇಬಿನಲ್ಲಿ ಮೂರು ಸ್ಕ್ರೂ ಡ್ರೈವರು. ನಾಚಿಕೆಯಿಂದ ಮೈಕಿನ ಮುಂದೆ ಬಾಯಿಯೇ ಬಿಡದೆ ಕೂತಿದ್ದ ಟ್ರೈನಿಯ ಬೆನ್ನು ತಟ್ಟಿ, "ತಪ್ಪು ಮಾತಾಡಿ ಸಾಹೇಬ್ರೇ, ಪರವಾಗಿಲ್ಲ. ನಾಳೆ ಬರೋನು ಅಳಿಸ್ತಾನೆ," ಎಂದಿದ್ದ ಮನುಷ್ಯ. ಆ ಒಂದು ಮಾತಿನಿಂದ ಅವತ್ತು ಬಾಯಿ ಬಂದಿತ್ತು. ಅಂಥವರ ಮನೆಯ ಬಾಗಿಲು ಬಡಿಯುವ ಕೆಲಸ ಬೇರೆ ಯಾರಿಗಾದರೂ ಬಂದಿದ್ದರೆ ಚೆನ್ನಾಗಿತ್ತು ಎಂದು ಇನ್ಸ್‌ಪೆಕ್ಟರಿಗೆ ಅನಿಸಿತು.

ಹೋಗುವ ಮುನ್ನ ವಾಚ್‌ಮನ್‌ನನ್ನು ಮತ್ತೆ ಕರೆದರು.

"ನಿನ್ನೆ ಟೇಪಣ್ಣ ಬಂದಿದ್ರಾ?"

"ಹೂಂ ಸಾರ್, ಮೂರು ಗಂಟೆಗೆ."

"ಯಾರೂ ಬರಲಿಲ್ಲ ಅಂದೆ?"

"ಟೇಪಣ್ಣ ಹೊರಗಿನವ್ರಾ ಸಾರ್? ನಿವೃತ್ತಿ ಆಗಿ ನಾಲ್ಕು ತಿಂಗಳಾದ್ರೂ ಮೂರು ಹೊತ್ತು ಇಲ್ಲೇ ಇರ್ತಾರೆ."

ಪ್ರಿನ್ಸಿಪಾಲರಿಗೆ ಎರಡೇ ಪ್ರಶ್ನೆ ಕೇಳಿದರು.

"ಟೇಪಣ್ಣ ನಿಮ್ಮನ್ನ ಏನಾದ್ರೂ ಕೇಳಿದ್ರಾ?"

"ಒಂಬತ್ತನೇ ಸ್ಪೂಲ್ ಕೊಡಿ ಅಂತ ಎರಡು ಅರ್ಜಿ ಕೊಟ್ಟಿದ್ರು. ಕಾರಣ ಬರೆದಿರಲಿಲ್ಲ. ಕಾಲೇಜಿನ ಆಸ್ತಿ ಹಾಗೆಲ್ಲ ಕೊಡೋಕೆ ನಿಯಮ ಇಲ್ಲ."

"ಭಂಡಾರದವರು ಟೇಪ್ ತಗೊಂಡು ಏನು ಮಾಡ್ತಾರೆ?"

"ಮೇಲಿನ ಟ್ರ್ಯಾಕ್ ಕಂಪ್ಯೂಟರಿಗೆ ಹಾಕ್ಕೊಳ್ತಾರೆ. ಟೀಚರಮ್ಮನ ಪಾಠ ಮಾತ್ರ. ಕೆಳಗಿನದು ವಿದ್ಯಾರ್ಥಿಗಳ ತೊದಲು, ಯಾರಿಗೆ ಬೇಕು? ಆಮೇಲೆ ಟೇಪನ್ನೆಲ್ಲ ಅಳಿಸಿ ಎಸೀತಾರೆ."

ಇನ್ಸ್‌ಪೆಕ್ಟರಿಗೆ ಈಗ ಒಂಬತ್ತನೇ ಟೇಪಿನ ಕೆಳಗಿನ ಟ್ರ್ಯಾಕಿನಲ್ಲಿ ಉಳಿದ ದನಿ ಯಾರದೆಂದು ತಿಳಿದಿತ್ತು. ತಿಳಿದದ್ದು ಸಂತೋಷ ಕೊಡಲಿಲ್ಲ.

ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಅವರು ಮತ್ತು ರೈಟರಮ್ಮ ಪಂಚರೊಡನೆ ಟೇಪಣ್ಣನ ಮನೆಗೆ ಹೋದರು. ಎರಡು ಕೋಣೆಯ ಮನೆ. ಕಿಟಕಿಯ ಬಳಿ ಮೇಜು, ಮೇಜಿನ ಮೇಲೆ ಹೊಟ್ಟೆ ಬಗೆದ ಹಳೆಯ ಟೇಪ್ ಯಂತ್ರ. ಪಕ್ಕದಲ್ಲಿ ಬಿಳಿ ಬಟ್ಟೆಯ ಮೇಲೆ ಹುಣಸೆಬೀಜದಷ್ಟು ಹೆಡ್ಡು. ಒಂಬತ್ತು ಎಂದು ಬರೆದ ರಟ್ಟಿನ ಡಬ್ಬಿಯೂ ಅಲ್ಲೇ ಇತ್ತು. ಬಚ್ಚಿಡುವ ಗೋಜಿಗೇ ಅವರು ಹೋಗಿರಲಿಲ್ಲ.

"ಬನ್ನಿ ಟ್ರೈನಿ ಸಾಹೇಬ್ರೇ," ಎಂದರು ಟೇಪಣ್ಣ. ತಲೆ ಪೂರ್ತಿ ನರೆತಿತ್ತು. "ಸ್ಕ್ರೂ ನೋಡಿದ್ರಾ?"

"ನೋಡಿದೆ."

"ಹಾಳು ಅಭ್ಯಾಸ. ಹೆಡ್ಡು ವಾಪಸ್ ಹಾಕ್ಬೇಕು ಅಂತ್ಲೇ ಇದ್ದೆ."

"ಸ್ಪೂಲು?"

"ಅದನ್ನ ಹಾಕ್ತಿರಲಿಲ್ಲ."

"ತಂದ ಮೇಲೆ ಕೇಳಿದ್ರಾ ಅದನ್ನ?"

"ಇಲ್ಲ. ನನ್ನ ಯಂತ್ರ ಕೆಳಗಿನ ಟ್ರ್ಯಾಕ್ ಎತ್ತಲ್ಲ. ಆ ಹೆಡ್ಡು ಇದಕ್ಕೆ ಕೂರ್ತಿಲ್ಲ. ನಲವತ್ತು ವರ್ಷ ಇದೇ ಕೆಲಸ ಮಾಡ್ದೋನು ಅಳತೆ ನೋಡ್ದೆ ಕದ್ದೆ ನೋಡಿ." ಅವರು ನಗಲು ನೋಡಿದರು. ನಗು ಬರಲಿಲ್ಲ.

"ಪ್ರತಿ ಮಾಡ್ಕೊಂಡಿರಲಿಲ್ವಾ?"

"ಒಂದು ಕ್ಯಾಸೆಟ್ ಮಾಡಿದ್ದೆ. ಕೇಳಿ ಕೇಳಿ, ಒಂದಿನ ಯಂತ್ರ ಅದನ್ನ ಅಗಿದು ಹಾಕ್ತು. ಆಮೇಲೆ ಧೈರ್ಯ ಬರಲಿಲ್ಲ. ಯಂತ್ರ ಏನು ಮಾಡುತ್ತೆ ಅಂತ ನನಗಿಂತ ಯಾರಿಗೆ ಗೊತ್ತು?"

"ಕೆಲಸದಲ್ಲಿದ್ದಾಗಲೇ ತರಬಹುದಿತ್ತು."

"ಕೆಲಸದಲ್ಲಿದ್ದಾಗ ಒಂದು ಸ್ಕ್ರೂನೂ ಮನೆಗೆ ತಂದೋನಲ್ಲ ಸಾರ್. ಅದು ಅಲ್ಲಿತ್ತು, ನಾನೂ ಅಲ್ಲಿದ್ದೆ. ಸಾಕಾಗಿತ್ತು." ಡಬ್ಬಿಯ ಕಡೆ ನೋಡಿ ಕೇಳಿದರು, "ಈಗ ಇದು ವಾಪಸ್ ಕಾಲೇಜಿಗೇ ಹೋಗುತ್ತಲ್ವಾ? ಅಳಿಸ್ಬಿಡ್ತಾರಲ್ವಾ?"

ಅವರ ದನಿ ನಡುಗಿದ್ದು ಅಷ್ಟು ಹೊತ್ತಿನಲ್ಲಿ ಅದೊಂದೇ ಸಲ. ಇನ್ಸ್‌ಪೆಕ್ಟರ್ ಒಂಬತ್ತರ ಡಬ್ಬಿಯನ್ನು ಎತ್ತಿ ಪಂಚರ ಮುಂದಿಟ್ಟರು. ಎರಡು ನಲವತ್ತಕ್ಕೆ ಜಪ್ತಿ ಪಂಚನಾಮೆ ಮುಗಿಯಿತು, ಎರಡು ಐವತ್ತಕ್ಕೆ ಬಂಧನ ದಾಖಲಾಯಿತು. ಟೇಪಣ್ಣ ಅಂಗಿ ಬದಲಿಸಿ, ಕಿಟಕಿ ಮುಚ್ಚಿ, ಮೇನ್ ಸ್ವಿಚ್ ಆರಿಸಿ ಬಂದು ಜೀಪಿನಲ್ಲಿ ಕೂತರು. ಬಂಧನವೆಂದು ಅಕ್ಕಪಕ್ಕದವರಿಗೆ ಗೊತ್ತಾಗಬಾರದೆಂದು ರೈಟರಮ್ಮ, "ಹುಷಾರಾಗಿ ಹತ್ತಿ ಅಣ್ಣ, ಕಾಲೇಜಿಗೆ ಹೋಗಿ ಬರೋಣ," ಎಂದು ಗಟ್ಟಿಯಾಗಿ ಹೇಳಿದಳು.

ಜಪ್ತಿಯಾದ ಟೇಪು ಕಳವಾದದ್ದೇ ಹೌದೋ ಅಲ್ಲವೋ ಎಂದು ಪಂಚರ ಮುಂದೆ ಗುರುತಿಸಬೇಕಿತ್ತು. ಗುರುತಿಸಬೇಕೆಂದರೆ ಕೇಳಬೇಕು. ಕೇಳಬೇಕೆಂದರೆ ಒಂಬತ್ತನೇ ಬೂತಿನ ಯಂತ್ರಕ್ಕೆ ಹೆಡ್ಡು ಕೂರಿಸಬೇಕು, ಅದು ಬಲ್ಲವರು ಊರಿನಲ್ಲಿ ಆರೋಪಿಯೊಬ್ಬರೇ. ಪ್ರಿನ್ಸಿಪಾಲರು ಇದು ಸರಿಯಲ್ಲವೆಂದರು. ಬೇರೆ ಮೆಕ್ಯಾನಿಕ್ ಇದ್ದರೆ ಕರೆಸಿ ಎಂದರು ಇನ್ಸ್‌ಪೆಕ್ಟರ್. ಮೂರು ನಲವತ್ತಕ್ಕೆ ಟೇಪಣ್ಣ ನಾಲ್ಕು ಸ್ಕ್ರೂಗಳನ್ನು ಬಲದಿಂದ ಎಡಕ್ಕೆ ಒಂದೊಂದಾಗಿ ಎತ್ತಿ ಕೂರಿಸಿ, ಸ್ಪೂಲು ಸಿಕ್ಕಿಸಿದರು. ಹೆಡ್‌ಫೋನಿನ ಬದಲು ಚಿಕ್ಕ ಸ್ಪೀಕರು ಜೋಡಿಸಿದರು. ರೈಟರಮ್ಮ ಹಾಳೆ ಪೆನ್ನು ಹಿಡಿದು ಕೂತಳು. ಕೇಳಿಸಿದ್ದನ್ನು ಕೇಳಿಸಿದಂತೆ ಬರೆಯಬೇಕು, ಅದು ಕಾನೂನು.

ಟೀಚರಮ್ಮನ ದನಿ ತೂಕವಾಗಿ ಬಂತು. "ಹಿ ವರ್ಕ್ಸ್ ಹಾರ್ಡ್." ಖಾಲಿಯಲ್ಲಿ ಇನ್ನೊಂದು ದನಿ, ಹುರುಪಿನದು, "ಹಿ ವರ್ಕ್ಸ್ ಹಾರ್ಡ್."

ಟೇಪಣ್ಣ ಕಣ್ಣು ಮುಚ್ಚಿದರು.

"ಹಿ ಹಾರ್ಡ್ಲಿ ವರ್ಕ್ಸ್."

"ಹಿ ಹಾರ್ಡ್ಲಿ ವರ್ಕ್ಸ್. ಇದು ನಮ್ಮನೆಯವ್ರ ವಿಷ್ಯ ಅಲ್ಲ ಟೀಚರಮ್ಮ," ಎಂದು ಹೇಳಿ ಆ ಹೆಂಗಸು ಕಿಲಕಿಲ ನಕ್ಕಳು.

ಝೆರಾಕ್ಸ್ ಅಂಗಡಿಯಾತ ತಾನೂ ನಕ್ಕುಬಿಟ್ಟು, ತಕ್ಷಣ ಬಾಯಿ ಮುಚ್ಚಿಕೊಂಡ.

"ನಗು ಹೇಗೆ ಬರೀಲಿ ಸಾರ್?" ರೈಟರಮ್ಮ ಪಿಸುಗುಟ್ಟಿದಳು.

"ನಕ್ಕಳು ಅಂತ ಬರಿ."

ನಿಯರ್, ನಿಯರ್ಲಿ ಆಯಿತು. ಒಮ್ಮೆ ತಪ್ಪಿ, ಒಮ್ಮೆ ಸರಿಯಾಗಿ, ಒಮ್ಮೆ "ಅಯ್ಯೋ ಇದು ನನ್ನ ನಾಲಗೆಗೆ ಹೊರಳಲ್ಲಪ್ಪ" ಎಂದು ದನಿ ಸಾಗಿತು. ಇಪ್ಪತ್ತೆರಡು ವರ್ಷದಿಂದ ಯಾರೂ ಅಳಿಸದೆ ಉಳಿದ ದನಿ. ಮೊನ್ನೆ ಮೊನ್ನೆ ಮಾತಾಡಿದ ಹಾಗಿತ್ತು.

"ಐ ಹ್ಯಾವ್ ನಾಟ್ ಬೀನ್ ವೆಲ್ ಲೇಟ್ಲಿ," ಎಂದಿತು ಪಾಠ. ಇತ್ತೀಚೆಗೆ ನನಗೆ ಹುಷಾರಿಲ್ಲ.

ಆಕೆ ಅದನ್ನು ನಿಧಾನವಾಗಿ, ಒಂದೂ ತಪ್ಪಿಲ್ಲದೆ ಹೇಳಿದಳು. ಆಮೇಲೆ ಮುಖ ಆಚೆ ತಿರುಗಿಸಿದಳೇನೋ, ದನಿ ತುಸು ದೂರವಾಯಿತು. "ನಿಜವಾಗ್ಲೂ ಕಣ್ರೀ, ತಲೆ ಸಿಡೀತಿದೆ. ಮನೆಗೆ ಹೋಗೋಣ್ವಾ?"

ಟೇಪು ಖಾಲಿ ತಿರುಗಿತು.

"ಹೋಗೋಣ, ನಡಿ," ಎಂದರು ಟೇಪಣ್ಣ.

ಕಣ್ಣು ಬಿಡದೆಯೇ, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಮೆತ್ತಗೆ ಹೇಳಿದರು. ರೈಟರಮ್ಮ ಪೆನ್ನು ಎತ್ತಿ ಇನ್ಸ್‌ಪೆಕ್ಟರ್ ಮುಖ ನೋಡಿದಳು.

"ಅದು ಟೇಪಲ್ಲಿಲ್ಲ. ಬರೀಬೇಡ."

ಪಾಠ ಮುಂದುವರಿಯಿತು. ಆಕೆಯ ದನಿ ಸಣ್ಣದಾಗುತ್ತ ಹೋಯಿತು, ನಗು ಮತ್ತೆ ಬರಲಿಲ್ಲ. ಆದರೂ ಪಾಠ ಪೂರ್ತಿ ಮುಗಿಸಿದ್ದಳು.

ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು, ಶುಕ್ರವಾರಕ್ಕೆ ಸ್ಪೂಲು ಸಿಗುತ್ತದೆಯೇ ಎಂದು ಕೇಳಿದರು. ಸಿಗುವುದಿಲ್ಲ ಎಂದರು ಇನ್ಸ್‌ಪೆಕ್ಟರ್. ಅದು ಈಗ ಮುದ್ದೆಮಾಲು, ಕೋರ್ಟಿನ ಸ್ವತ್ತು. ಕೋರ್ಟಿನ ಅಪ್ಪಣೆಯಿಲ್ಲದೆ ಅದರ ಒಂದಂಗುಲವನ್ನೂ ಯಾರೂ ಅಳಿಸುವಂತಿಲ್ಲ. ಸಾಕ್ಷ್ಯಕ್ಕಾಗಿ ಪೂರ್ಣ ಪ್ರತಿ ಮಾಡಿಸಲು ಅವರು ಅಂದೇ ಕೋರಿಕೆ ಬರೆಯಲಿದ್ದರು. ಭಂಡಾರದವರು ಬೇಕಾದರೆ ಆ ಪ್ರತಿಯಿಂದ ತಮ್ಮ ಪಾಠ ತೆಗೆದುಕೊಳ್ಳಲಿ.

"ಕೆಳಗಿನ ಟ್ರ್ಯಾಕ್ ಯಾಕೆ ಬೇಕು?"

"ನಮ್ಮ ಕೇಸು ಇರೋದೇ ಕೆಳಗಿನ ಟ್ರ್ಯಾಕಲ್ಲಿ ಸಾರ್."

ಸಂಜೆ ಐದು ಹತ್ತಕ್ಕೆ ಠಾಣೆಯಲ್ಲಿ ಆರೋಪಿಯ ಹೇಳಿಕೆ ದಾಖಲಾಯಿತು. ಟೇಪಣ್ಣ ನೀರು ಕುಡಿದು, ಗ್ಲಾಸನ್ನು ಎತ್ತಿದ ಜಾಗದಲ್ಲೇ ಇಟ್ಟು ಹೇಳಿದರು.

"ಅವತ್ತು ನಾನು ಹೋಗೋಣ ಅನ್ನಲಿಲ್ಲ ಸಾರ್. 'ಇನ್ನರ್ಧ ಪಾಠ ಇದೆ, ಮುಗಿಸ್ಬಿಡು, ಶುಕ್ರವಾರ ನಿನ್ನ ಪರೀಕ್ಷೆ' ಅಂದೆ. ಮೈಕು ಅವಳ ಬಾಯಿ ಹತ್ರ ಇತ್ತು, ನನ್ನ ಮಾತು ಅದರಲ್ಲಿ ಬಿದ್ದಿಲ್ಲ. ಮನೆಗೆ ಹೋಗೋ ಹೊತ್ತಿಗೆ ಮೈ ಕೆಂಡ ಆಗಿತ್ತು. ಹತ್ತನೇ ದಿನ ಆಸ್ಪತ್ರೆಯಲ್ಲಿ ಹೋಗ್ಬಿಟ್ಲು. ಮುಂದಿನ ಬ್ಯಾಚ್ ಬರೋ ಮುಂಚೆ ಬೂತಿಗೆ ಬೋರ್ಡ್ ಹಾಕ್ಬಿಟ್ಟೆ. ಅರ್ಧ ಗಂಟೆಯಿಂದ ಏನೂ ಬದಲಾಗ್ತಿರಲಿಲ್ಲ ಅಂದ್ರು ಡಾಕ್ಟ್ರು. ಇರಬಹುದು, ಒಪ್ಕೊಂಡೆ. ಆದ್ರೆ ಅವಳು ಕೇಳಿದ್ಲಲ್ಲ ಸಾರ್. ವರ್ಷಕ್ಕೊಂದ್ಸಲ, ಅದೇ ದಿನ, ಆ ಬೂತಲ್ಲಿ ಕೂತ್ಕೊಂಡು ಕೇಳ್ತೀನಿ. ಆ ಜಾಗ ಬಂದಾಗ ಹೇಳ್ತೀನಿ."

ರೈಟರಮ್ಮ ಹೇಳಿಕೆಯನ್ನು ಓದಿ ಹೇಳಿದಳು. ಟೇಪಣ್ಣ ಪ್ರತಿ ಪುಟಕ್ಕೂ ಸಹಿ ಹಾಕಿದರು. ಅವರನ್ನು ಕೋರ್ಟಿಗೆ ಕರೆದೊಯ್ಯಲು ಜೀಪು ಬರುವಷ್ಟರಲ್ಲಿ ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆಗೆದರು. ಅಪರಾಧದ ಉದ್ದೇಶ ಎಂಬ ಕಡೆ ಬಂದಾಗ ಹೀಗೆ ಬರೆದರು: 'ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು.'